ಹಿರಿಯರ ಮನೆಯ ಬಾಗಿಲಲ್ಲಿ: ಡೆಟ್ರಾಯಿಟ್ ಸೀಮೆಯ ಒಂದು ಚರಿತ್ರೆ

ನಮ್ಮನ್ನು ಈ ನಾಡಿಗೆ ಕರೆತಂದ ಕಾನೂನಿಗೂ ನಮ್ಮ ತಂದೆತಾಯಿಗಳ ಇಳಿವಯಸ್ಸನ್ನು ಇಂದು ಆಳುತ್ತಿರುವ ಕಾನೂನಿಗೂ ಒಬ್ಬರೇ ಅಧ್ಯಕ್ಷರ ಸಹಿ ಇದೆ. 1965ರ ಜುಲೈ 30ರಂದು ಲಿಂಡನ್ ಜಾನ್ಸನ್ ಅವರು ಮೆಡಿಕೇರ್ ಹಾಗೂ ಮೆಡಿಕೇಯ್ಡ್ ಶಾಸನಕ್ಕೆ ಅಂಕಿತ ಹಾಕಿದರು. ಅದೇ ವರ್ಷ ಅಕ್ಟೋಬರ್ 3ರಂದು, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ, ವಲಸೆ ಶಾಸನಕ್ಕೆ ಅಂಕಿತವಾಯಿತು. ಎರಡನೆಯದರ ಕಥೆಯನ್ನು ಸಮ್ಮೇಳನದಿಂದ ಸಮ್ಮೇಳನಕ್ಕೆ ನಾವು ಹೇಳಿಕೊಳ್ಳುತ್ತಲೇ ಬಂದಿದ್ದೇವೆ. ಮೊದಲನೆಯದರ ಒಳಹೊರಗು ನನಗೆ ತಿಳಿದದ್ದು ಎಂಬತ್ತಾರು ವಯಸ್ಸಿನ ನನ್ನ ತಾಯಿಯವರಿಗಾಗಿ ವೆಸ್ಟ್ ಬ್ಲೂಮ್‌ಫೀಲ್ಡ್ ಸುತ್ತಮುತ್ತಲಿನ ಹಿರಿಯರ ನಿವಾಸಗಳ ಬಾಗಿಲು ತಟ್ಟಿದಾಗ.

ತಂದೆಯವರು ತೀರಿಕೊಂಡ ಮೇಲೆ, 1999ರಲ್ಲಿ, ತಾಯಿಯವರು ಇಲ್ಲಿಗೆ ಬಂದರು. ಕಳೆದ ಚಳಿಗಾಲದಲ್ಲಿ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ತರುವಾಯ ಅವರನ್ನು ಇರಿಸಿದ್ದ ಶುಶ್ರೂಷಾಲಯವೊಂದರ ದಾಖಲೆಯಲ್ಲಿ, ರಾತ್ರಿಯ ಹೊತ್ತು ಇವರಿಗೆ ಬುದ್ಧಿಭ್ರಮೆ ಎಂದು ಬರೆದಿದ್ದರು. ಅವರು ಕೇಳುತ್ತಿದ್ದುದು ಬಿಸಿನೀರನ್ನು. ಇಪ್ಪತ್ತು ವರ್ಷಗಳಲ್ಲಿ ಕಲಿತಿದ್ದ ಇಂಗ್ಲಿಷ್ ನೋವಿನಲ್ಲಿ ಮರೆಯಾಗಿ, ಕನ್ನಡ ಮಾತ್ರ ಉಳಿದಿತ್ತು.

ಈ ಸೀಮೆಯಲ್ಲಿ ದಿಕ್ಕಿಲ್ಲದ ವೃದ್ಧರಿಗೆ ಮೊದಲು ದೊರೆತ ನೆಲೆ ದರಿದ್ರರ ಮನೆ. ವೇಯ್ನ್ ಕೌಂಟಿ 1832ರಲ್ಲಿ ಅದನ್ನು ಸ್ಥಾಪಿಸಿ, 1839ರಲ್ಲಿ ಇಂದಿನ ವೆಸ್ಟ್‌ಲ್ಯಾಂಡ್ ಇರುವೆಡೆಗೆ ಸಾಗಿಸಿತು. ಮುಂದೆ ಎಲೊಯಿಸ್ ಎಂದು ಹೆಸರಾದ ಆ ಆವರಣ ಬೆಳೆದು ಒಂದು ಊರೇ ಆಯಿತು. ಅಲ್ಲಿನ ಸ್ಮಶಾನದಲ್ಲಿ ಏಳು ಸಾವಿರಕ್ಕೂ ಹೆಚ್ಚು ಸಮಾಧಿಗಳಿದ್ದು, ಅವುಗಳ ಕಲ್ಲುಗಳ ಮೇಲೆ ಹೆಸರಿಲ್ಲ, ಬರಿಯ ಅಂಕಿಗಳಿವೆ. ಮಿಷಿಗನ್ ಅವೆನ್ಯೂದಲ್ಲಿ ನಾವು ಎಷ್ಟು ಸಲ ಹಾದುಹೋಗಿಲ್ಲ!

1935ರ ಸೋಷಿಯಲ್ ಸೆಕ್ಯುರಿಟಿ ಶಾಸನವು ಸರ್ಕಾರಿ ಸಂಸ್ಥೆಗಳಲ್ಲಿ ವಾಸವಿದ್ದವರಿಗೆ ವೃದ್ಧಾಪ್ಯದ ನೆರವನ್ನು ನಿರಾಕರಿಸಿತು. ದರಿದ್ರರ ಮನೆಗಳು ತೊಲಗಲೆಂಬುದು ಅದರ ಆಶಯ. ಆದರೆ ಆಸರೆ ಬೇಕಾದ ವೃದ್ಧರು ಆ ಹಣವನ್ನು ಹಿಡಿದು ಖಾಸಗಿ ಮನೆಗಳ ಬಾಗಿಲಿಗೆ ಹೋದರು. ಶುಶ್ರೂಷಾಲಯವೆಂಬ ಉದ್ಯಮ ಹೀಗೆ ಬೇರೂರಿತು. 1954ರಿಂದ ಆಸ್ಪತ್ರೆ ಕಟ್ಟುವ ನಿಧಿಯಿಂದಲೇ ಅವಕ್ಕೂ ಕೇಂದ್ರದ ಅನುದಾನ ದೊರೆಯತೊಡಗಿತು. ಉದ್ದನೆಯ ಓಣಿ, ನಡುವೆ ದಾದಿಯರ ಕಟ್ಟೆ, ಎರಡು ಮಂಚಗಳ ಕೋಣೆ: ಮೊದಲ ಭೇಟಿಯಲ್ಲಿ ನನ್ನನ್ನು ಎದೆಗುಂದಿಸಿದ ಆ ನೋಟಕ್ಕೆ ಕಾರಣ ಅಲ್ಲಿದೆ. ಇದಕ್ಕೆ ಪ್ರತಿಯಾಗಿ 1983ರಲ್ಲಿ ಆರಿಗನ್ ರಾಜ್ಯದಲ್ಲಿ ಕೆರೆನ್ ಬ್ರೌನ್ ವಿಲ್ಸನ್ ಅವರು, ಶುಶ್ರೂಷಾಲಯ ಸೇರಬೇಕಾಗಿ ಬಂದ ತಮ್ಮ ತಾಯಿಯ ಅನುಭವವನ್ನು ನೆನೆದು, ಪ್ರತಿಯೊಬ್ಬರಿಗೂ ಚಿಲಕವಿರುವ ಸ್ವಂತ ಬಾಗಿಲು, ಪುಟ್ಟ ಅಡುಗೆಮನೆ ಇರುವ ನಿವಾಸವನ್ನು ತೆರೆದರು. ಅಸಿಸ್ಟೆಡ್ ಲಿವಿಂಗ್ ಎಂಬುದರ ಮೊದಲುಗಳಲ್ಲಿ ಅದು ಒಂದು. ಮಿಷಿಗನ್ನಿನಲ್ಲಿ ಆ ಹೆಸರಿನ ಪರವಾನಗಿಯೇ ಇಲ್ಲವೆಂಬುದನ್ನು ಮಾತ್ರ ಯಾವ ಮಾರ್ಗದರ್ಶಿಯೂ ನನಗೆ ತಾನಾಗಿ ಹೇಳಲಿಲ್ಲ. ಇಲ್ಲಿ ರಾಜ್ಯ ಕೊಡುವುದು ‘ಹೋಮ್ ಫಾರ್ ದಿ ಏಜ್ಡ್’ ಎಂಬ ದೊಡ್ಡ ನಿವಾಸಗಳ ಪರವಾನಗಿ, ಇಲ್ಲವೇ ಇಪ್ಪತ್ತು ಜನರವರೆಗಿನ ‘ಅಡಲ್ಟ್ ಫಾಸ್ಟರ್ ಕೇರ್’ ಮನೆಗಳ ಪರವಾನಗಿ. ಫಲಕದಲ್ಲಿ ಏನೇ ಬರೆದಿರಲಿ, ಪರವಾನಗಿ ಯಾವುದು, ಇದೆಯೇ ಇಲ್ಲವೇ ಎಂದು ಕೇಳಿ ತಿಳಿಯಬೇಕು.

ಹಣದ ವಿಷಯ. ಮೂರು ದಿನ ಆಸ್ಪತ್ರೆಯಲ್ಲಿ ದಾಖಲಾಗಿದ್ದು ಬಂದವರಿಗೆ ಮೆಡಿಕೇರ್ ಶುಶ್ರೂಷಾಲಯದಲ್ಲಿ ಹೆಚ್ಚೆಂದರೆ 100 ದಿನ ನೆರವಾಗುತ್ತದೆ. ಅದರಲ್ಲೂ 21ನೆಯ ದಿನದಿಂದ ರೋಗಿಯ ಪಾಲು ಉಂಟು. ಸ್ನಾನಕ್ಕೆ, ಉಡುಗೆಗೆ, ಊಟಕ್ಕೆ ಒಂದು ಕೈ ಆಸರೆ ಮಾತ್ರ ಬೇಕಾದವರ ವಾಸದ ಖರ್ಚನ್ನು ಅದು ಕೊಡುವುದಿಲ್ಲ. ಮೆಡಿಕೇಯ್ಡ್ ಬಡವರಿಗೆ. 1996ರ ಆಗಸ್ಟ್ 22ರ ಶಾಸನವು ಆ ಬಳಿಕ ಹಸಿರು ಕಾರ್ಡಿನ ಮೇಲೆ ಬರುವ ತಂದೆತಾಯಿಗಳಿಗೆ ಅದನ್ನು ಬಹುಮಟ್ಟಿಗೆ ಐದು ವರ್ಷ ಮುಚ್ಚಿತು. 1997ರ ಡಿಸೆಂಬರಿನಿಂದ ಪ್ರಾಯೋಜಕರ ಮುಚ್ಚಳಿಕೆಯೂ ನ್ಯಾಯಾಲಯದಲ್ಲಿ ನಿಲ್ಲುವ ಕರಾರಾಯಿತು. ನಾನೂ ಅದಕ್ಕೆ ಸಹಿ ಹಾಕಿದ್ದೆ, ಪೂರ್ತಿ ಓದದೆ. ಅಮ್ಮನನ್ನು ಸಾಕುವುದಕ್ಕೆ ಕರಾರೇಕೆ ಎಂಬ ಬಿಗುಮಾನ.

ಆ ಬಿಗುಮಾನವೇ ನಮ್ಮ ಸಮುದಾಯವನ್ನು ತಡೆಯಿತೇನೋ. ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮೇಪಲ್ ಮತ್ತು ಡ್ರೇಕ್ ರಸ್ತೆಗಳು ಕೂಡುವಲ್ಲಿ ಯಹೂದ್ಯ ಸಮುದಾಯದ ವಿಶಾಲ ಆವರಣವಿದೆ. ಹಿರಿಯರ ವಸತಿಗಳು ಅಲ್ಲಿವೆ. ಆ ಪ್ರಯತ್ನದ ಮೂಲ 1907ರ ಡೆಟ್ರಾಯಿಟ್. ಪೂರ್ವ ಯೂರೋಪಿನಿಂದ ಬಂದ ಯಹೂದ್ಯರಲ್ಲಿ ಹಲವರು ಇನ್ನೂ ಬಡವರಾಗಿದ್ದ ಕಾಲದಲ್ಲೇ, ತಮ್ಮ ಆಹಾರನಿಯಮ, ತಮ್ಮ ಹಬ್ಬ, ತಮ್ಮ ಮಾತು ಇರುವ ವೃದ್ಧರ ಮನೆಯನ್ನು ಆ ಜನ ಕಟ್ಟಿದರು. ಜನ ಉಪನಗರಗಳಿಗೆ ಸರಿದಂತೆ ಮನೆಯೂ ಅವರೊಡನೆ ಸರಿಯಿತು. ನಾವು ಶ್ರೀಮಂತರಾದ ಮೇಲೂ ದೇವಸ್ಥಾನಗಳನ್ನು ಕಟ್ಟಿದೆವು, ಕನ್ನಡ ಕೂಟಗಳನ್ನು ಕಟ್ಟಿದೆವು, 2002ರಲ್ಲಿ ಇದೇ ಡೆಟ್ರಾಯಿಟಿನಲ್ಲಿ ವಿಶ್ವ ಕನ್ನಡ ಸಮ್ಮೇಳನವನ್ನೂ ನಡೆಸಿದೆವು. ಇದೊಂದನ್ನು ಮಾತ್ರ ಕಟ್ಟಲಿಲ್ಲ. ಶಿಕಾಗೋದಲ್ಲಿ 1990ರಲ್ಲಿ ಆರಂಭವಾದ ಇಂಡೋ ಅಮೆರಿಕನ್ ಸೆಂಟರಿನಂಥ ಸಂಸ್ಥೆಗಳಿಂದ ಹಿರಿಯರ ಹಗಲಿಗೆ ಜೊತೆ ಸಿಕ್ಕಿತು. ಫ್ಲಾರಿಡಾದ ಟವಾರೆಸ್‌ನಲ್ಲಿ ಇಗ್ಗಿ ಇಗ್ನೇಷಿಯಸ್ ಅವರು ಭಾರತೀಯರಿಗಾಗಿಯೇ ಶಾಂತಿನಿಕೇತನವನ್ನು ಕಟ್ಟಿದ್ದಾರೆ. ಆದರೆ ಅದು ಗಟ್ಟಿಮುಟ್ಟಾಗಿರುವ ನಿವೃತ್ತರಿಗೆ ಒಪ್ಪುವಂಥದು, ಮೊಮ್ಮಕ್ಕಳಿಂದ ಬಲು ದೂರ.

ಏಳು ಸ್ಥಳಗಳನ್ನು ನೋಡಿದೆವು. ಒಂದೆರಡರಲ್ಲಿ ಪಿಯಾನೋ, ಕಾರಂಜಿ, ತೂಗುದೀಪ ಎಲ್ಲವೂ ಇದ್ದವು. ಊಟದ ಪಟ್ಟಿಯಲ್ಲಿ ಶಾಕಾಹಾರವೆಂದರೆ ಚೀಸು ಮತ್ತು ಸೊಪ್ಪು. ತಾಯಿಯವರು ಎಲ್ಲವನ್ನೂ ನೋಡಿ ಕಾರಿನಲ್ಲಿ ಕುಳಿತು ಕೇಳಿದ್ದು ಒಂದೇ: “ರಾತ್ರಿ ಎಚ್ಚರ ಆದ್ರೆ ಯಾರನ್ನ ಕೂಗ್ಲೋ? ನಾ ಏನಂದ್ರೆ ಅವರಿಗೆ ತಿಳಿಯತ್ತೆ?” ಕೈಪಿಡಿಗಳಲ್ಲಿನ ನಲವತ್ತು ಪ್ರಶ್ನೆಗಳ ಯಾದಿಯನ್ನು ಅಲ್ಲಿಗೆ ಮಡಿಸಿಟ್ಟೆ. ಆ ಮೇಲೆ ಎಲ್ಲೆಡೆ ಕೇಳಿದ್ದು ರಾತ್ರಿ ಪಾಳಿಯ ಬಗ್ಗೆ: ಎಷ್ಟು ಜನರಿಗೆ ಒಬ್ಬರು, ಆ ಒಬ್ಬರು ಎಷ್ಟು ತಿಂಗಳಿಂದ ಇದ್ದಾರೆ? ಉತ್ತರಕ್ಕಾಗಿ ರಾತ್ರಿ ಹತ್ತರ ಮೇಲೆ ಹೇಳದೆ ಹೋಗಿ ಬಾಗಿಲು ತಟ್ಟಿದ್ದೂ ಉಂಟು.

ಕೊನೆಗೆ ಆರಿಸಿದ್ದು ನಮ್ಮ ಮನೆಯಿಂದ ಎರಡು ಮೈಲಿ ದೂರದ, ಆರು ಜನರ ಪುಟ್ಟ ಫಾಸ್ಟರ್ ಕೇರ್ ಮನೆ. ಕಾರಂಜಿ ಇಲ್ಲ. ಸಾರು, ಅನ್ನ, ಮಜ್ಜಿಗೆ ನಮ್ಮಲ್ಲಿಂದ ಹೋಗುತ್ತದೆ. ರಾತ್ರಿ ಪಾಳಿಯ ಮಹಿಳೆ ಫಿಲಿಪೀನ್ಸಿನವರು, ಐದು ವರ್ಷದಿಂದ ಅಲ್ಲಿದ್ದಾರೆ. ತಾಯಿಯವರ ಹಾಸಿಗೆಯ ಪಕ್ಕದ ಗೋಡೆಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹನ್ನೊಂದು ಕನ್ನಡ ಪದಗಳನ್ನು ಅಂಟಿಸಿದ್ದೇವೆ: ಬಿಸಿನೀರು, ನೋವು, ಚಳಿ, ಮುಂತಾಗಿ. ಹನ್ನೆರಡನೆಯದನ್ನು ಆ ಮಹಿಳೆಯೇ ಕೇಳಿ ಬರೆಸಿಕೊಂಡರು, ಊಟದ ಹೊತ್ತಿನಲ್ಲಿ ದಿನವೂ ಕೇಳಿಬರುವ ಪದವೆಂದು: ಸಾಕು.