ಪರಿಚಯದ ಸಹಿ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಸಂದರ್ಭದಲ್ಲಿ ಕಟ್ಟಿದರೋ ಬಲ್ಲವರಾರು? ಇಂದು ಅದು ಅಕ್ಷರಶಃ ಒಪ್ಪುವುದು, ನಿವೃತ್ತಿಯ ಕಾಲವನ್ನು ಪರದೇಶದಲ್ಲಿ ಕಳೆಯಹೊರಟ ಹಿರಿಯರ ಪಾಡಿಗೆ. ಥಾಯ್ಲೆಂಡಿನಲ್ಲಿ ಐವತ್ತು ದಾಟಿದ ಪರದೇಶೀಯನೊಬ್ಬ ನಿವೃತ್ತನಾಗಿ ನೆಲೆಸಬೇಕಾದರೆ, ಅಲ್ಲಿಯ ಬ್ಯಾಂಕಿನಲ್ಲಿ ತನ್ನ ಹೆಸರಿಗೆ 8 ಲಕ್ಷ ಬಾತ್ ಇದೆಯೆಂದು ತೋರಿಸುವುದು ಮುಖ್ಯವಾದ ಒಂದು ದಾರಿ. ಒಂದು ವರ್ಷದ ವಾಸಕ್ಕೆ ಅರ್ಜಿ ಹಾಕುವ ಎರಡು ತಿಂಗಳು ಮೊದಲೇ ಆ ಹಣ ಖಾತೆಯಲ್ಲಿರಬೇಕು. ಸರಿ, ಖಾತೆ ತೆರೆಯೋಣವೆಂದು ಬ್ಯಾಂಕಿಗೆ ಹೋದರೆ, ಪ್ರವಾಸಿಯ ವೀಸಾ ಹಿಡಿದು ಬಂದವನನ್ನು ಅಲ್ಲಿಯ ಗುಮಾಸ್ತರು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತಾರೆ. ವಲಸೆ ಕಚೇರಿ ಬ್ಯಾಂಕಿನ ಪುಸ್ತಕವನ್ನು ಕೇಳುತ್ತದೆ. ಬ್ಯಾಂಕು ವಲಸೆ ಕಚೇರಿಯ ಮುದ್ರೆಯನ್ನು ಕೇಳುತ್ತದೆ.

ಉಡುಪಿಯ ಸೀಮೆಯವರಿಗೆ ಥಾಯ್ಲೆಂಡಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಈ ಬಗೆಯ ತೊಡಕು ಅರಬಸ್ಥಾನದ ದಾರಿಯಾಗಿ ಕಾಪು, ಕಾರ್ಕಳದ ಮನೆಗಳೊಳಕ್ಕೂ ಬಂದಿದೆ ಎಂಬುದು ಒಂದು ಉತ್ತರ. ಎರಡನೆಯದು ಇನ್ನೂ ಮುಖ್ಯವಾದುದು: ಅಪರಿಚಿತನಿಗೆ ಬ್ಯಾಂಕು ಹೇಗೆ ಬಾಗಿಲು ತೆರೆಯಬೇಕೆಂಬ ಪ್ರಶ್ನೆಗೆ ನಮ್ಮ ಜಿಲ್ಲೆ ನೂರು ವರ್ಷಗಳ ಹಿಂದೆಯೇ ತನ್ನದೊಂದು ಉತ್ತರವನ್ನು ಕೊಟ್ಟಿತ್ತು.

"ನೀನು ಯಾರು?" ಎಂಬ ಪ್ರಶ್ನೆ ಹಳೆಯದು. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನನ್ನು ಅಲ್ಲಿಯ ಶಾಸನ ಬರಿಯ ಹೆಸರಿನಿಂದ ಹೇಳುವುದಿಲ್ಲ. ತಂದೆ ಭೈರವ, ಗುರು ಲಲಿತಕೀರ್ತಿ ಎಂದು ಸಂಬಂಧಗಳ ಮೂಲಕ ಗುರುತಿಸುತ್ತದೆ. ಅರಸನಿಗೇ ಪರಿಚಯ ಬೇಕಾಗಿದ್ದ ಮೇಲೆ ಸಾಮಾನ್ಯನ ಮಾತೇನು? ಆಧುನಿಕ ಬ್ಯಾಂಕು ಇದೇ ಪದ್ಧತಿಯನ್ನು ಕಾಗದಕ್ಕೆ ಇಳಿಸಿತು. ಚೆಕ್ಕು, ಹುಂಡಿಗಳಿಗೆ ಸಂಬಂಧಿಸಿದ 1881ರ ಕಾಯಿದೆಯ 131ನೆಯ ಕಲಮು, ಅಲಕ್ಷ್ಯವಿಲ್ಲದೆ, ಸದ್ಭಾವದಿಂದ ಗಿರಾಕಿಯ ಚೆಕ್ಕನ್ನು ವಸೂಲು ಮಾಡಿದ ಬ್ಯಾಂಕಿಗೆ ರಕ್ಷಣೆ ಕೊಡುತ್ತದೆ. ವಿಚಾರಿಸದೆ ಖಾತೆ ತೆರೆಯುವುದು ಅಲಕ್ಷ್ಯವೆಂದು ನ್ಯಾಯಾಲಯಗಳು ಎಣಿಸುತ್ತ ಬಂದುದರಿಂದ, ಹಳೆಯ ಖಾತೆದಾರನೊಬ್ಬ ಹೊಸಬನ ಅರ್ಜಿಗೆ ಸಹಿ ಹಾಕುವ ರೂಢಿ ಬಲವಾಯಿತು. ನಾನು ಅಧ್ಯಾಪಕನಾಗಿ ಸೇರಿದಾಗ ನನ್ನ ಸಂಬಳದ ಖಾತೆಗೆ ಹೀಗೆ ಸಹಿ ಹಾಕಿದವರು ನಮ್ಮ ಕಾಲೇಜಿನ ಹಿರಿಯ ಗುಮಾಸ್ತರು. ಅವರು ನನ್ನನ್ನು ಕಂಡು ಹದಿನೈದು ದಿನವಾಗಿತ್ತು; ಆದರೆ ಬ್ಯಾಂಕಿನವರು ಅವರನ್ನು ಕಂಡು ಇಪ್ಪತ್ತು ವರ್ಷವಾಗಿತ್ತು. ಒಬ್ಬರ ಮೇಲಿನ ನಂಬಿಕೆಯನ್ನು ಇನ್ನೊಬ್ಬರಿಗೆ ಎರವಲು ಕೊಡುವುದೇ ಪರಿಚಯದ ಸಹಿಯ ಅರ್ಥ.

ಉಡುಪಿಯಲ್ಲಿ 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರರು 5,000 ರೂಪಾಯಿ ಬಂಡವಾಳದಿಂದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನನ್ನು ಆರಂಭಿಸಿದರು. ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾದುದು ಇದೇ. ಮೊದಲ ದಿನದ ಕೊನೆಗೆ ಅದರಲ್ಲಿ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟವರ ಶ್ರದ್ಧೆಗೆ ತಲೆದೂಗಬೇಕು. 1925ರಲ್ಲಿ ವೈದ್ಯರಾದ ಟಿ.ಎಂ.ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಈ ಮೂವರು 8,000 ರೂಪಾಯಿಯೊಡನೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಉಡುಪಿಯಲ್ಲಿ ತೆರೆದರು. ಕೈಮಗ್ಗ ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ಆಸರೆಯಾಗಬೇಕೆಂಬುದು ಅವರ ಉದ್ದೇಶ. 1964ರಲ್ಲಿ ಅದು ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದಲ್ಲಿ ನೆಲೆಯೂರಿತು.

ಈ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ವಿಷಯವನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನು ಏಜೆಂಟನೇ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಒಯ್ಯುತ್ತಿದ್ದ. ಇದನ್ನು ಉಳಿತಾಯದ ಉಪಾಯವೆಂದು ಹೊಗಳುವವರು ಅದರ ಇನ್ನೊಂದು ಗುಣವನ್ನು ಮರೆಯುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಗುರುತನ್ನು ಕೇಳಲು ಬ್ಯಾಂಕೇ ಮೆಟ್ಟಿಲಿಳಿದು ಬಂದಿತ್ತು. ಏಜೆಂಟನಿಗೆ ಮನೆ ಗೊತ್ತು, ಮನೆಯವರಿಗೆ ಏಜೆಂಟ ಗೊತ್ತು. ಮೊದಲು ನಂಬುವವರು ಯಾರು ಎಂಬ ಜಗಳವೇ ಅಲ್ಲಿ ಹುಟ್ಟಲಿಲ್ಲ.

ಆದರೆ ಎರಡಾಣೆ ಕೂಡಿಸಿದವರ ಮಕ್ಕಳು ಊರಲ್ಲಿ ನಿಲ್ಲಲಿಲ್ಲ. ಮೊದಲು ಮುಂಬಯಿಗೆ ಹೋದರು, ಆಮೇಲೆ ಕೊಲ್ಲಿಯ ದೇಶಗಳಿಗೆ. ಒಂದು ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದುದೂ ನಮ್ಮ ರೂಪಾಯಿಯೇ. ಚಿನ್ನದ ಕಳ್ಳಸಾಗಣೆಯಿಂದ ನಮ್ಮ ಹಣ ಸೋರುವುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ರೂಪಾಯಿಯೆಂಬ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ತಮ್ಮದೇ ನಾಣ್ಯಗಳನ್ನು ತಂದವು. 1966ರಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿದಾಗ ಕತಾರ್, ದುಬೈ ಮುಂತಾದವೂ ಅದನ್ನು ಕೈಬಿಟ್ಟವು. ನಮ್ಮವರು ತೈಲದ ಕಾಲದಲ್ಲಿ ದೊಡ್ಡ ಸಂಖ್ಯೆಯಲ್ಲಿ ಹೋಗುವ ಹೊತ್ತಿಗೆ ಅಲ್ಲಿಯ ಹಣವೂ ಪರದೇಶದ್ದಾಗಿತ್ತು, ಖಾತೆಯೂ ಪರದೇಶದ್ದಾಗಿತ್ತು. ಆ ಹಣವನ್ನು ಊರಿಗೆ ತರಿಸಿಕೊಳ್ಳಲು 1970ರಲ್ಲಿ ಅನಿವಾಸಿಗಳ ರೂಪಾಯಿ ಖಾತೆ ಹುಟ್ಟಿತು. ಕಾಪುವಿನಲ್ಲಿ ಹುಟ್ಟಿ 1973ರಲ್ಲಿ ಅಬುಧಾಬಿಗೆ ಹೋದ ಬಿ.ಆರ್. ಶೆಟ್ಟರ ಒಡೆತನದಲ್ಲಿ ಬೆಳೆದ ಯುಎಇ ಎಕ್ಸ್‌ಚೇಂಜ್, 2020ರಲ್ಲಿ ಕುಸಿಯುವವರೆಗೆ, ಇಂಥ ಹಣ ರವಾನೆಯ ದೊಡ್ಡ ಸಂಸ್ಥೆಗಳಲ್ಲಿ ಒಂದಾಗಿತ್ತು.

ಹಣ ಬರುವ ದಾರಿಯನ್ನು ಎಲ್ಲರೂ ಯೋಚಿಸಿದರು. ಮನುಷ್ಯ ಮುದುಕನಾಗುವುದನ್ನು ಯಾರೂ ಯೋಚಿಸಲಿಲ್ಲ. ಕೊಲ್ಲಿಯ ದೇಶಗಳಲ್ಲಿ ವಾಸದ ಪರವಾನಿಗೆ ನೌಕರಿಯ ಬಾಲ. ಗುರುತಿನ ಚೀಟಿ ಪರವಾನಿಗೆಯ ಬಾಲ. ಸಾಮಾನ್ಯವಾಗಿ ಬ್ಯಾಂಕಿನ ಖಾತೆ ಆ ಚೀಟಿಯ ಬಾಲ. ನೌಕರಿ ಮುಗಿದರೆ ಮೂರೂ ಕಳಚುತ್ತವೆ. ಕಾಪುವಿನ ಹಿರಿಯರೊಬ್ಬರು, ಮೂವತ್ತು ವರ್ಷ ಅಲ್ಲಿ ಲೆಕ್ಕ ಬರೆದವರು, ನನ್ನೊಡನೆ ಹೇಳಿದ ಮಾತಿದು: "ಎಂತ ಹೇಳುದು ಮಾಷ್ಟ್ರೇ, ಮೂವತ್ತು ವರ್ಷ ನನ್ನ ಸಂಬಳ ಇಟ್ಟುಕೊಂಡ ಬ್ಯಾಂಕು, ಕೆಲಸ ಬಿಟ್ಟ ಮರುವಾರ ನಾನು ಯಾರು ಅಂತ ಕೇಳಿತು." ಮಗಳು, ಮೊಮ್ಮಕ್ಕಳು ಅಲ್ಲಿಯೇ ಇದ್ದರು. ಅವರು ಒಬ್ಬರೇ ಊರಿಗೆ ಬಂದರು.

ಇದಕ್ಕೆ ಪರಿಹಾರ ಬಾರದೆ ಇಲ್ಲ. 55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾ ಕೊಡುವ ನಿರ್ಣಯವನ್ನು ಸಂಯುಕ್ತ ಅರಬ್ ಅಮೀರರ ರಾಜ್ಯಗಳ ಸರಕಾರ 2018ರಲ್ಲಿ ಮಾಡಿತು. 2020ರ ಸೆಪ್ಟೆಂಬರಿನಲ್ಲಿ ದುಬೈ ಸಾರಿದ ಷರತ್ತುಗಳಂತೆ ತಿಂಗಳಿಗೆ 20,000 ದಿರ್ಹಂ ಆದಾಯ, 10 ಲಕ್ಷದ ಉಳಿತಾಯ, 20 ಲಕ್ಷದ ಆಸ್ತಿ ಇವುಗಳಲ್ಲಿ ಯಾವುದಾದರೂ ಒಂದಿರಬೇಕಾಗಿತ್ತು. ಡಾಕ್ಟರರಿಗೆ, ವ್ಯಾಪಾರಿಗಳಿಗೆ ಇದು ಎಟಕುವ ಕೊಂಬೆ. ದರ್ಜಿಗೆ, ಡ್ರೈವರನಿಗೆ, ಹೋಟೆಲಿನ ಅಡಿಗೆಯವನಿಗೆ ಅಲ್ಲ.

ಊರಿಗೆ ಮರಳಿದವನಿಗೂ ಪ್ರಶ್ನೆ ತಪ್ಪದು. ಮರಳಿ ನೆಲೆಸಿದೊಡನೆ ಅವನು ತನ್ನ ಅನಿವಾಸಿ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಅಲ್ಲಿದ್ದಾಗ ಗಳಿಸಿದ್ದನ್ನು ಅಲ್ಲಿಯೇ ಇಟ್ಟುಕೊಳ್ಳಲು 1999ರ ವಿದೇಶಿ ವಿನಿಮಯ ಕಾಯಿದೆ ಅವಕಾಶ ಕೊಡುತ್ತದೆ. ಇಟ್ಟುಕೊಳ್ಳಲು ಅಲ್ಲಿಯ ಬ್ಯಾಂಕು ಒಪ್ಪಬೇಕು, ಅಷ್ಟೇ. ಇಲ್ಲಿಯೇ ನಿವೃತ್ತರಾಗಿ ಮಕ್ಕಳ ಬಳಿಗೆ ಹೊರಟವರ ಕಥೆ ಬೇರೆ. 1973ರ ಹಿಂದಿನ ಕಾಯಿದೆಯ ಕಾಲದಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಹೊರದೇಶದಲ್ಲಿ ಖಾತೆ ತೆರೆಯುವುದೇ ಅಪರಾಧ. 2004ರಲ್ಲಿ ವರ್ಷಕ್ಕೆ 25,000 ಡಾಲರಿನವರೆಗೆ ಹೊರಗೆ ಕಳಿಸಲು, ಖಾತೆ ತೆರೆಯಲು ದಾರಿಯಾಯಿತು. 2015ರಲ್ಲಿ ಆ ಮಿತಿ 2,50,000ಕ್ಕೆ ಏರಿತು. ನಮ್ಮ ಬಾಗಿಲು ಹೀಗೆ ತೆರೆಯುತ್ತಿದ್ದ ಕಾಲದಲ್ಲಿಯೇ ಹೊರಗಿನ ಬಾಗಿಲುಗಳು ಬಿಗಿಯಾದವು. 2001ರಲ್ಲಿ ಅಮೆರಿಕದ ಮೇಲೆ ನಡೆದ ದಾಳಿಯ ತರುವಾಯ, ಹಣ ಯಾರದು, ಎಲ್ಲಿಂದ ಬಂತು ಎಂದು ಕೇಳುವುದು ಎಲ್ಲ ದೇಶಗಳ ಬ್ಯಾಂಕುಗಳಿಗೂ ಕಡ್ಡಾಯವಾಯಿತು. ನಮ್ಮಲ್ಲಿಯೂ ಪರಿಚಯದ ಸಹಿ ಹೋಗಿ ದಾಖಲೆಯ ಪ್ರತಿ ಬಂತು. ಕಳ್ಳಹಣಕ್ಕೆ ಅಡ್ಡಗಟ್ಟುವುದು ನ್ಯಾಯವೇ. ಅದನ್ನು ಆಕ್ಷೇಪಿಸುವವನು ನಾನಲ್ಲ. ಆದರೆ ಮನುಷ್ಯ ಮನುಷ್ಯನಿಗೆ ಹೇಳುತ್ತಿದ್ದ ಸಾಕ್ಷಿಯ ಜಾಗದಲ್ಲಿ ಕಾಗದವು ಕಾಗದಕ್ಕೆ ಸಾಕ್ಷಿ ಹೇಳತೊಡಗಿದಾಗ, ಮೊದಲ ಕಾಗದವಿಲ್ಲದವನು ಹೊರಗುಳಿದ.

ಗಂಟನ್ನು ಬಿಡಿಸಿದ ಕಡೆಗಳನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಥಾಯ್ಲೆಂಡಿನಲ್ಲಿ ಮೊದಲು 90 ದಿನಗಳ ವೀಸಾ ಕೊಟ್ಟು, ಅದರ ಬಲದಿಂದ ಖಾತೆ, ಖಾತೆಯ ಬಲದಿಂದ ಒಂದು ವರ್ಷದ ವಾಸ ಎಂದು ಹಂತ ಮಾಡಿದ್ದಾರೆ. ಮಲೇಷ್ಯಾ 2002ರಿಂದ ನಡೆಸುತ್ತಿರುವ ದೀರ್ಘವಾಸದ ಯೋಜನೆಯಲ್ಲಿ ಸರಕಾರ ಮೊದಲು ಷರತ್ತಿನ ಒಪ್ಪಿಗೆಪತ್ರ ಕೊಡುತ್ತದೆ, ಅರ್ಜಿದಾರ ಅದನ್ನು ತೋರಿಸಿ ಬ್ಯಾಂಕಿನಲ್ಲಿ ಠೇವಣಿ ಇಡುತ್ತಾನೆ, ಆಮೇಲೆ ವೀಸಾ. ಆ ಪತ್ರ ಹಳೆಯ ಪರಿಚಯದ ಸಹಿಯಲ್ಲದೆ ಮತ್ತೇನು?

ಇದಕ್ಕಾಗಿ ಮಲೇಷ್ಯಾದವರೆಗೂ ಹೋಗಬೇಕಾಗಿಲ್ಲ. 1997ರಲ್ಲಿ ಮೆಲಕಾ ಮಣಿಪಾಲ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಮಲೇಷ್ಯಾದ ಹುಡುಗರು ಮಣಿಪಾಲಕ್ಕೆ ಓದಲು ಬಂದರು. ಪರದೇಶದ ವಿದ್ಯಾರ್ಥಿಗೆ ಇಲ್ಲಿ ವಿಳಾಸವಿಲ್ಲ; ವಿಳಾಸವಿಲ್ಲದೆ ಖಾತೆಯಿಲ್ಲ. ರಿಸರ್ವ್ ಬ್ಯಾಂಕಿನ 2016ರ ನಿರ್ದೇಶನ ಇದನ್ನು ಸುಲಭವಾಗಿ ಬಿಡಿಸಿತು: ಪಾಸ್‌ಪೋರ್ಟು, ವೀಸಾಗಳ ಜೊತೆಗೆ ಕಾಲೇಜಿನ ಪ್ರವೇಶಪತ್ರ ತಂದರೆ ಖಾತೆ ತೆರೆಯಬಹುದು, ಊರಿನ ವಿಳಾಸವನ್ನು 30 ದಿನಗಳೊಳಗೆ ಕೊಟ್ಟರಾಯಿತು, ಅಲ್ಲಿಯವರೆಗೆ ಹೊರಗಿನಿಂದ 1,000 ಡಾಲರಿಗಿಂತ ಹೆಚ್ಚು ಬರಕೂಡದು, 50,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದು. ಮೋಸಕ್ಕೆ ಎಡೆಯಿಲ್ಲ, ನಂಬಿಕೆಗೆ ಎಡೆಯಿದೆ.

ಹದಿನೆಂಟರ ಹುಡುಗನಿಗೆ ಕಾಲೇಜು ಕೊಡಬಹುದಾದ ಪರಿಚಯವನ್ನು ಅರವತ್ತರ ಹಿರಿಯನಿಗೆ ಅವನ ಮೂವತ್ತು ವರ್ಷಗಳ ಬ್ಯಾಂಕು ಕೊಡಲಾರದೆ? ಹಳೆಯ ಗಿರಾಕಿಯ ನಡತೆಯನ್ನು ಬರೆದುಕೊಡುವ ಪತ್ರದ ಪದ್ಧತಿ ಬ್ಯಾಂಕುಗಳಲ್ಲಿ ಇದ್ದೇ ಇದೆ. ಅದನ್ನು ಎರಡು ದೇಶಗಳೂ ಮಾನ್ಯ ಮಾಡಿ, ಕೆಲವು ತಿಂಗಳು, ಕೆಲವು ಸಾವಿರದ ಮಿತಿಯೊಳಗೆ ಖಾತೆಯನ್ನು ಉಳಿಸಿಕೊಟ್ಟರೆ ವೀಸಾದ ಅರ್ಜಿ ತಾನಾಗಿ ಮುಂದೆ ಸಾಗುತ್ತದೆ. ಅನಿವಾಸಿಗಳ ಠೇವಣಿಯನ್ನು ಇಷ್ಟು ವರ್ಷ ಸ್ವಾಗತಿಸಿದ ನಮ್ಮ ಸರಕಾರ ಈ ಮಾತನ್ನು ಕೊಲ್ಲಿಯ ಸರಕಾರಗಳೊಡನೆ ಎತ್ತುವುದು ನ್ಯಾಯ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಉಡುಪಿಯಲ್ಲಿ ಹುಟ್ಟಿದ ಎರಡು ಹೆಸರುಗಳು ಒಂದೇ ದಿನ ಫಲಕಗಳಿಂದ ಇಳಿದವು. ಖಾತೆದಾರರಲ್ಲಿ ಯಾರನ್ನೂ ಅಂದು "ನೀವು ಯಾರು?" ಎಂದು ಹೊಸದಾಗಿ ಕೇಳಲಿಲ್ಲ, ಬ್ಯಾಂಕು ಬದಲಾದರೂ ಖಾತೆ ಉಳಿಯಿತು. ಬ್ಯಾಂಕಿಗೆ ಸಂದ ಈ ಸೌಕರ್ಯ, ಕೆಲಸ ಮುಗಿಸಿದ ಮನುಷ್ಯನಿಗೂ ಸಲ್ಲಬೇಕು.