ರೂವಾರಿಗಳ ಸ್ವಪರಿಚಯ

ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಸೂರಿನಡಿ ಓರೆಯಾಗಿ ನಿಲ್ಲಿಸಿದ ಮದನಿಕೆಗಳೆಂಬ ಸ್ತ್ರೀವಿಗ್ರಹಗಳ ಪೀಠಗಳ ಮೇಲೆ ರೂವಾರಿಗಳು, ಅಂದರೆ ಶಿಲ್ಪಿಗಳು, ತಮ್ಮ ವೃತ್ತಿಪರಿಚಯವನ್ನು ಕಂಡರಿಸಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಹೆಸರಿನೊಡನೆ ಊರನ್ನೋ ತಂದೆಯನ್ನೋ ಹೇಳಿಕೊಂಡು, ಎದುರಾಳಿ ಶಿಲ್ಪಿಗಳನ್ನು ಮೀರಿಸಿದವರೆಂದು ಸಾರುವ ಬಿರುದುಗಳನ್ನೂ ಸೇರಿಸಿರುವುದರಿಂದ, ಈ ಕಿರುಶಾಸನಗಳು ಕುಶಲಕರ್ಮಿಯ ಆತ್ಮಗೌರವದ ಅಪೂರ್ವ ದಾಖಲೆಗಳಾಗಿವೆ. 13ನೆಯ ಶತಮಾನದ ಸೋಮನಾಥಪುರದ ದೇವಾಲಯದಲ್ಲಾದರೋ ರೂವಾರಿ ಮಲ್ಲಿತಮ್ಮನು ಒಂದೆಡೆ ಪೂರ್ಣ ಹೆಸರನ್ನೂ ಮತ್ತೊಂದೆಡೆ ‘ಮಲ್ಲಿ’ ಎಂದೂ ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರವನ್ನೂ ಕೆತ್ತಿ ಮುಗಿಸಿದ್ದಾನೆ. ಬಿರುದಿನ ಅಗತ್ಯವೇ ಅವನಿಗೆ ಕಂಡಿರಲಾರದು. ಇಂಥ ಸ್ವಪರಿಚಯ ಇಂದಿನ ಸಾಮಾಜಿಕ ಜಾಲತಾಣಗಳಲ್ಲೂ ಇದೆ: 2006ರಲ್ಲಿ ಆರಂಭವಾಗಿ 2023ರಲ್ಲಿ ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಟ್ವಿಟರ್ ಬಳಕೆದಾರರ ಸ್ವಪರಿಚಯಕ್ಕೆ 160 ಅಕ್ಷರಗಳ ಮಿತಿ ವಿಧಿಸಿದ್ದು, ಬೇಲೂರಿನ ರೂವಾರಿಗಳು ಹೇಳಿಕೊಂಡಂಥ ಊರು, ವೃತ್ತಿ, ಮನ್ನಣೆ ಎಂಬ ಅವೇ ವಿವರಗಳು ಅಲ್ಲಿಯೂ ಮುಂಚೂಣಿಯಲ್ಲಿವೆ.