ಅತಿಥಿ ಬಂದರೆ ಉಳಿಯುವ ಮಾಳಿಗೆ ಮನೆ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಹೋದವರು ಕೋಟೆಯ ಬಾಗಿಲು, ಗಗನ ಮಹಲು, ರಂಗನಾಥ ದೇಗುಲ ನೋಡಿ ಮರಳುತ್ತಾರೆ. ವಿಜಯನಗರಕ್ಕಿಂತಲೂ ಹಳೆಯದಾದ ಈ ಊರಿನ ಇನ್ನೊಂದು ಆಸ್ತಿ ಓಣಿಗಳಲ್ಲಿದೆ. ಅದು ಜನ ವಾಸಿಸುವ ಮಾಳಿಗೆ ಮನೆ. ಗುಡಿ, ಕೋಟೆಗಳನ್ನು ಕಾಯಲು ಸರಕಾರದ ಇಲಾಖೆಗಳಿವೆ. ಮನೆಯನ್ನು ಕಾಯುವವರು ಯಾರು?

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಈ ಮನೆ ಹೊಸದಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದರೂ ಒಳಗೆ ತಂಪಿರುತ್ತದೆ. ದಪ್ಪ ಗೋಡೆ ಶಾಖವನ್ನು ನಿಧಾನವಾಗಿ ಒಳಬಿಡುವುದೇ ಇದಕ್ಕೆ ಕಾರಣ. ಆದರೆ ಈ ಮನೆ ಪ್ರತಿವರ್ಷ ಆರೈಕೆ ಬೇಡುತ್ತದೆ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಸವಳು ಮಣ್ಣು ಹಾಕಬೇಕು. ನೀರು ತಾಗಿದಾಗ ಈ ಮಣ್ಣಿನ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಮನೆಗೆ ಬೀಗ ಹಾಕಿ ಊರು ಬಿಟ್ಟರೆ ಕೆಲವೇ ಮಳೆಗಾಲದಲ್ಲಿ ತೊಲೆ ಕೊಳೆಯುತ್ತದೆ, ಗೋಡೆ ಕುಸಿಯುತ್ತದೆ. ಹಳೆಯ ಮನೆಗೆ ಬೀಗವೇ ಶತ್ರು.

ಇದು ನಮ್ಮ ಸೀಮೆಯೊಂದರ ಸಮಸ್ಯೆಯೂ ಅಲ್ಲ. ಅಮೆರಿಕದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಶೈಲಿಯ ದೊಡ್ಡ ಮನೆಗಳು ಸಣ್ಣ ಕುಟುಂಬಗಳಿಗೆ ಹೊರೆಯಾದವು. ಅಲ್ಲಿನ ಸರಕಾರ 1976ರಲ್ಲಿ ಚಾರಿತ್ರಿಕ ಕಟ್ಟಡಗಳ ದುರಸ್ತಿಗೆ ತೆರಿಗೆ ರಿಯಾಯಿತಿ ತಂದಿತು. 1986ರಿಂದ ಇದು ಅರ್ಹ ವೆಚ್ಚದ ಶೇ 20ರಷ್ಟಿದೆ. ಕಟ್ಟಡ ಆದಾಯ ತರಬೇಕು ಎಂಬುದು ಇದರ ಷರತ್ತು. ಮಾಲೀಕರು ತಾವು ಮಾತ್ರ ವಾಸಿಸುವ ಮನೆಗೆ ಇದು ಸಿಗದು. ರಾತ್ರಿ ತಂಗಲು ಕೋಣೆ, ಬೆಳಿಗ್ಗೆ ಉಪಾಹಾರ ಕೊಡುವ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಪದ್ಧತಿ ಇಂಥ ಮನೆಗಳಿಗೆ ಒಗ್ಗಿತು. ಅತಿಥಿಯ ಬಾಡಿಗೆಯಿಂದ ಸೂರಿನ ರಿಪೇರಿ ನಡೆಯತೊಡಗಿತು.

ಇದೇ ಲೆಕ್ಕಾಚಾರ ಆನೆಗೊಂದಿಯಲ್ಲಿಯೂ ಕಾಣುತ್ತದೆ. ಶಮಾ ಪವಾರ್ ಅವರು 1997ರಲ್ಲಿ ಸ್ಥಾಪಿಸಿದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕರಕುಶಲ ತರಬೇತಿಯ ಜೊತೆಗೆ ಹಳೆಯ ಮನೆಗಳ ಜೀರ್ಣೋದ್ಧಾರಕ್ಕೂ ಕೈಹಾಕಿತು. ‘ಊರಮ್ಮ’ ಹೆಸರಿನಲ್ಲಿ ಇಲ್ಲಿ ಪ್ರವಾಸಿಗರಿಗೆ ವಸತಿ ರೂಪುಗೊಂಡಿತು. ಇಂಥ ದುರಸ್ತಿ ಸುಲಭವಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ತೇವ ಹೊರಹೋಗಲಾರದೆ ಗೋಡೆ ಒಳಗೊಳಗೇ ಸಡಿಲಾಗುತ್ತದೆ. ಅತಿಥಿಗೆ ಬೇಕಾದ ಬಚ್ಚಲು, ಶೌಚಾಲಯದ ನೀರು ಮಣ್ಣಿನ ಗೋಡೆಗೆ ತಾಗದಂತೆ ಜಾಗ ಹುಡುಕುವುದು ಅದಕ್ಕಿಂತ ಕಷ್ಟ.

ಕಾನೂನಿನ ಮಾತೂ ಇದೆ. ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿತು. ಅದರ ನಿರ್ವಹಣೆಗಾಗಿ 2002ರಲ್ಲಿ ರಾಜ್ಯ ಕಾಯ್ದೆ ಬಂತು. ಆನೆಗೊಂದಿಯೂ ಆ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಸಮೀಪದ ವಿರೂಪಾಪುರಗಡ್ಡೆಯಲ್ಲಿ ತಲೆಯೆತ್ತಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಲಾಯಿತು. ಪ್ರವಾಸಿಗಳು ಮಾತ್ರ ಬರುತ್ತಲೇ ಇದ್ದಾರೆ. ಹೊಸ ಕಟ್ಟಡಕ್ಕೆ ಅವಕಾಶ ಕಡಿಮೆ ಇರುವ ಕಡೆ, ಇರುವ ಮನೆಯನ್ನೇ ಸರಿಪಡಿಸಿ ನಿಯಮದಂತೆ ಅತಿಥಿಗೆ ಕೊಡುವುದು ನ್ಯಾಯವಾದ ದಾರಿ. ಆದರೆ ಮನೆಯವರು ಪೂರ್ತಿ ಹೊರನಡೆದು ಅತಿಥಿಗಳೇ ಉಳಿದರೆ ಗೋಡೆ ನಿಂತೀತು, ಓಣಿ ಬರಿದಾದೀತು. ಒಂದು ಕೋಣೆ ಅತಿಥಿಗೆ, ಪಡಸಾಲೆ ಮನೆಯವರಿಗೆ ಎಂಬ ಹಂಚಿಕೆಯೇ ಊರಿಗೆ ಒಳ್ಳೆಯದು.

ಎಲ್ಲ ಊರಿಗೂ ಹಂಪಿಯ ನೆರೆಯಿಲ್ಲ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇಗುಲಕ್ಕೆ ಬಂದವರು ಅದೇ ದಿನ ಮರಳಬಹುದು. ಕುಷ್ಟಗಿಯ ಹಳ್ಳಿಯೊಂದರಲ್ಲಿ ತಂಗಲು ಪ್ರವಾಸಿ ಬರುತ್ತಾನೆಂದು ನಂಬಿ ಕೂರಲಾಗದು. ಅಲ್ಲಿಗೆ ಆನೆಗೊಂದಿಯಿಂದ ಒಯ್ಯಬೇಕಾದದ್ದು ವಸತಿಯ ಫಲಕವನ್ನಲ್ಲ, ಮಣ್ಣಿನ ಕೆಲಸವನ್ನು. ಸವಳು ಮಣ್ಣು ಗುರುತಿಸುವ, ಜಂತಿ ಬದಲಿಸುವ ಕೈಗಳಿಗೆ ಈಗಲೇ ಕೂಲಿ ಮತ್ತು ಶಿಷ್ಯರು ಸಿಕ್ಕರೆ, ಅತಿಥಿ ಬಾರದ ಮನೆಯೂ ಮುಂದಿನ ಮಳೆಯನ್ನು ದಾಟೀತು.